ಓತಿಕ್ಯಾತನ ಕಾಲ್ಬೆರಳು

ಮಾರ್ಚ್ ೯, ಮಂಗಳವಾರ

ಇವತ್ತು ಅಕ್ಕನ ಮಗಳಿಗೆ ಸುಳ್ಳು ಹೇಳಿದೆ. ಅವಳು ಸಾಕಿರುವ ಗಡ್ಡದ ಓತಿಕ್ಯಾತ ಪೊರೆ ಬಿಡುತ್ತಿದೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ, "ಮಾವ, ಬೆಚ್ಚಗಿರೋ ನೀರಲ್ಲಿ ಕೂರ್ಸು, ಸಾಕು. ಪೊರೆ ಮಾತ್ರ ಎಳೀಬೇಡ," ಅಂದಳು.

"ಹೋಗೇ, ನಾಗರಹಾವಿಗೇ ಪೊರೆ ಬಿಡಿಸಿದೋನು ನಾನು!" ಅಂದೆ. ನಾನು ಹಾವು ನೋಡಿದ್ದೆಲ್ಲ ಓಡುತ್ತ ಓಡುತ್ತಲೇ.

ಬೆನ್ನಿನ ಪೊರೆ ತಾನಾಗಿಯೇ ಬಂತು. ಕಾಲ್ಬೆರಳಿನದು ಉಂಗುರದ ಹಾಗೆ ಬಿಗಿದುಕೊಂಡಿತ್ತು. ಅವಳು ಬರುವಷ್ಟರಲ್ಲಿ ಮುಗಿಸಿ ಶಹಬ್ಬಾಸ್ ಅನ್ನಿಸಿಕೊಳ್ಳೋಣವೆಂದು ಜಗ್ಗಿದೆ. ಪೊರೆಯ ಜೊತೆ ಉಗುರೂ ಕಿತ್ತು ಬಂತು, ರಕ್ತ ಬಂತು. ಪಾಪದ್ದು ಕಚ್ಚಲಿಲ್ಲ, ನೋವಿಗೆ ಗಡ್ಡ ಕಪ್ಪಗೆ ಮಾಡಿಕೊಂಡು ನನ್ನನ್ನೇ ನೋಡಿತು.

ಸಂಜೆ ಅವಳು ಬೆರಳು ನೋಡಿ ಏನಾಯ್ತೆಂದು ಕೇಳಿದಾಗ, "ಬೆಳಿಗ್ಗೆಯಿಂದ ಹಾಗೇ ಇತ್ತಲ್ಲ," ಅಂದುಬಿಟ್ಟೆ.

"ಹಾಗಾದ್ರೆ ನಿನ್ನೆ ನಾನೇ ಬ್ರಷ್ಷಲ್ಲಿ ಜೋರಾಗಿ ಉಜ್ಜಿರ್ಬೇಕು ಮಾವ," ಎಂದು ಅತ್ತಳು. ಅಕ್ಕನೂ ಅವಳನ್ನೇ ಬೈದಳು. ನಾನು ಹೌದು ಹೌದೆಂದು ತಲೆಯಾಡಿಸಿದೆ. ಈ ತಲೆಗಿಷ್ಟು ಬೆಂಕಿ ಹಾಕ.

ಗೋಡೆಯಾಚೆ ಅವಳಿನ್ನೂ ಮಲಗಿಲ್ಲ. ಓತಿಕ್ಯಾತನಿಗೆ "ತಪ್ಪಾಯ್ತು ಕಣೋ" ಅನ್ನುತ್ತಿರುವುದು ಕೇಳಿಸುತ್ತಿದೆ. ಪೆನ್ನು ಕೆಳಗಿಟ್ಟರೆ ಎದ್ದು ಹೋಗಿ ಹೇಳಲೇಬೇಕು. ಅದಕ್ಕೇ ಇನ್ನೂ ಬರೆಯುತ್ತಿದ್ದೇನೆ.