ಪಂಚಾಕ್ಷರಯ್ಯನವರ ಹೆಸರು ಮೇಲೇರಿದ್ದು

ಮಾವನವರೇ,

ನಿನ್ನೆ ಸರಿರಾತ್ರಿ ಪಡಸಾಲೆಯಲ್ಲಿ ಕಂಪ್ಯೂಟರಿನ ಗುಂಡಿ ಒತ್ತಿದ ಟಕ್ ಸದ್ದು ಕೇಳಿತು. ಇಲಿ ಇರಬೇಕೆಂದು ಸುಮ್ಮನಾದೆ. ಬೆಳಿಗ್ಗೆ ಸಂಘದ ರಕ್ತದಾನಿಗಳ ಪಟ್ಟಿ ತೆಗೆದರೆ, ಕೊನೆಯಲ್ಲಿದ್ದ ಪಂಚಾಕ್ಷರಯ್ಯನವರು ಮೊದಲನೆಯವರಾಗಿದ್ದರು. ಉಳಿದ ಹೆಸರುಗಳೆಲ್ಲ ಒಂದೊಂದು ಸಾಲು ಕೆಳಗಿಳಿದಿವೆ. ರಕ್ತದ ಗುಂಪುಗಳು ಮಾತ್ರ ಇದ್ದಲ್ಲೇ ಇವೆ. ಈಗ ಪ್ರತಿಯೊಬ್ಬರ ಎದುರಿಗೂ ಇನ್ನೊಬ್ಬರ ಗುಂಪಿದೆ. ಹೆರಿಗೆಯವಳಿಗೆ ರಕ್ತ ಬೇಕೆಂದು ಆಸ್ಪತ್ರೆಯವರು ಬಂದಿದ್ದರೆ, ಗುಂಪು ಹೊಂದದವರನ್ನು ದೂರದ ಪೆದ್ದಹರಿವಾಣಂ ಊರಿನಿಂದ ಕರೆಸಿ ಹೊತ್ತು ಕಳೆಯುತ್ತಿದ್ದೆವು.

ಮೊದಲು ಬಳ್ಳಾರಿಯ ಕಂಪ್ಯೂಟರ್ ಅಂಗಡಿಯ ವಾದಿರಾಜನ ಮೇಲೆ ಅನುಮಾನ ಬಂತು. ಮೊನ್ನೆ ಬಂದವನು, ಡಿಬೇಸ್ ಎಂಬ ಪಟ್ಟಿ ಇಡುವ ಪ್ರೋಗ್ರಾಂ ಮಾರಲೆಂದೇ ಪಟ್ಟಿ ಕೆಡಿಸಿ ಹೋದನೇ ಎಂದುಕೊಂಡೆ. ಆಮೇಲೆ ಪಟ್ಟಿ ನೋಡಿ ನೀವಂದ ಮಾತು ನೆನಪಾಯಿತು: "ಹಿರೇರನ್ನ ಕಡೀಗೆ ಕೂಡಿಸೀಯಲ್ಲಮ್ಮ, ಅವರು ನೋಡಿದರ ಏನಂದಾರು?"

ಆಸ್ಪತ್ರೆಯಿಂದ ಯಾರಾದರೂ ಬಂದರೆ ಬೀರುವಿನಲ್ಲಿರುವ ದಾನಿಗಳ ಕಾರ್ಡು ನೋಡಿಯೇ ಹೇಳಿ. ಕಂಪ್ಯೂಟರಿಗೆ ಬೀಗ ಹಾಕಿ ಕೀಲಿಕೈ ಒಯ್ದಿದ್ದೇನೆ, ತಪ್ಪು ತಿಳಿಯಬೇಡಿ.

ಬೇಸಿಕ್ ಎಂಬ ಕಂಪ್ಯೂಟರ್ ಭಾಷೆ ಕಲಿತು ನಾನೇ ಪ್ರೋಗ್ರಾಂ ಬರೆಯುವಷ್ಟು ಪುರುಸೊತ್ತು ಇನ್ನಿಲ್ಲ. ಡಿಬೇಸ್‌ನಲ್ಲಿ ಒಬ್ಬರ ಹೆಸರು, ಊರು, ಗುಂಪು ಒಂದೇ ಕಟ್ಟಾಗಿರುತ್ತವಂತೆ. ಅವರನ್ನು ಎಲ್ಲಿಗೆ ಸರಿಸಿದರೂ ಮೂರೂ ಜೊತೆಗೇ ಸರಿಯುತ್ತವಂತೆ. ವಾದಿರಾಜನ ಮಾತನ್ನು ಪೂರ್ತಿ ನಂಬಿಲ್ಲ. ಇವತ್ತು ಬಳ್ಳಾರಿಗೆ ಹೋಗಿ ಅವನ ಎದುರಿಗೇ ಕೂತು ಪಂಚಾಕ್ಷರಯ್ಯನವರನ್ನು ಮೇಲೆ ಕೆಳಗೆ ಸರಿಸಿ ನೋಡಿ, ಆಮೇಲೆ ತರುತ್ತೇನೆ.

ಸಾರು ಮುಚ್ಚಿಟ್ಟಿದ್ದೇನೆ. ಬಿಪಿ ಮಾತ್ರೆ ಮರೆಯಬೇಡಿ.

ನಿನ್ನೆಯದನ್ನು ಸಂಘದವರಿಗೆ ಹೇಳುವುದಿಲ್ಲ, ನಿಮ್ಮ ಮಗನಿಗೂ ಹೇಳುವುದಿಲ್ಲ. ಓದಿದ ಮೇಲೆ ಈ ಚೀಟಿಯನ್ನು ಒಲೆಗೆ ಹಾಕಿಬಿಡಿ.

ವನಜಾ