ಎಡಗಡೆ ಸೀಟಿನ ಕೆಳಗೆ ನೀರು

ಜೂನ್ 10, ಮಂಗಳವಾರ

ಬೆಳಿಗ್ಗೆ ಎಂದಿನಂತೆ ಕೆಳಗೆ ಹೋಗಿ ಕಾರು ಸ್ಟಾರ್ಟ್ ಮಾಡಿದೆ. ಸ್ವಲ್ಪ ಹೊತ್ತು ಇಂಜಿನ್ ಓಡಲಿ, ಇಲ್ಲದಿದ್ದರೆ ಬ್ಯಾಟರಿ ಸಾಯುತ್ತದೆ ಎಂದು ಡ್ರೈವಿಂಗ್ ಕ್ಲಾಸಿನ ದೇವಾನಂದ ಸರ್ ಹೇಳಿದ್ದಾರೆ. ಅಷ್ಟು ಹೊತ್ತು ನಾನೇ ರಾಣಿ. ಕಾರು ನಿಂತಲ್ಲೇ ಇದ್ದರೂ ಕನ್ನಡಿ ಸರಿ ಮಾಡಿಕೊಳ್ಳುತ್ತೇನೆ.

ಎಡಗಡೆ ಬಿದ್ದಿದ್ದ ಕೊಡೆ ಎತ್ತಲು ಕೈ ಚಾಚಿದೆ — ಪಚಕ್. ಮ್ಯಾಟ್ ಪೂರಾ ನೀರು. ಕಿಟಕಿ ಮುಚ್ಚಿತ್ತು, ಬಾಗಿಲು ಲಾಕ್. ಮಳೆ ಒಳಗೆ ಬಂದದ್ದು ಹೇಗೆ?

ಇವರ ಹಳೇ ಪಂಚೆ ತಂದು ಅದ್ದಿ ಅದ್ದಿ ಹಿಂಡಿದೆ. ಅರ್ಧ ಬಕೆಟ್ ಆಯಿತು. ಇವರಿಗೆ ವಾರದ ರಜೆ, ಇನ್ನೂ ಮಲಗಿದ್ದರು. ಹೇಳಲಿಲ್ಲ.

ಜೂನ್ 12, ಗುರುವಾರ

ನಾನು ಹೇಳದಿದ್ದರೇನು, ಮೂಗು ಹೇಳಿತು. ದಾದರಿನ ಹೋಟೆಲಿನ ಗಲ್ಲಾದಲ್ಲಿ ಕೂತು ಕೂತು ಇವರಿಗೆ ಹುಳಿ ಬಂದ ಹಿಟ್ಟಿನ ವಾಸನೆ ಗೇಟಿನಿಂದಲೇ ತಿಳಿಯುತ್ತದೆ. ಕಾರಿನ ಬಾಗಿಲು ತೆರೆದು, ಮುಚ್ಚಿ, ಮೇಲೆ ಬಂದರು.

"ಕೊಟ್ಟುಬಿಡುವ ಮಾರಾಯ್ತಿ. ನನ್ನ ಮೊಣಕಾಲಿಗೆ ಕ್ಲಚ್ ಆಗುದಿಲ್ಲ. ಈಗ ಒಳಗೆ ನೀರು ಬೇರೆ. ನಿಂತಲ್ಲೇ ಕೊಳೆಸುದು ಎಂತಕ್ಕೆ?"

ಬಿ ವಿಂಗಿನ ಅಮೋಲ್ ಕಾರು ಕೊಡಿ ಎಂದು ಯಾವಾಗಿನಿಂದಲೋ ಕೇಳುತ್ತಿದ್ದಾನಂತೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಜಾತಿ ಇದು. ನನಗೆ ಲೈಸೆನ್ಸ್ ಬಂದಿದೆಯಲ್ಲ ಎಂದೆ. ಮೇ ತಿಂಗಳಲ್ಲೇ ಬಂತು, ಒಂದೇ ಸಲಕ್ಕೆ ಪಾಸ್.

"ನಿನಗೆ ಎಲ್ಲಿಗೆ ಹೋಗ್ಲಿಕ್ಕುಂಟು?"

ಎಲ್ಲಿಗೂ ಇಲ್ಲ. ಓಡಿಸಬೇಕು, ಅಷ್ಟೇ. ಈ ಕಾರು ಬಂದಾಗಿನಿಂದ ಎಡಗಡೆ ಕೂತು 'ಬೈಕ್ ಬಂತು, ರಿಕ್ಷಾ ಬಂತು, ಹಾಂ ಈಗ ಹೋಗಿ' ಎನ್ನುವುದೇ ನನ್ನ ಕೆಲಸ. ಇವರಿಗೆ ನಿಜವಾದ ಭಯ ನೀರಿನದಲ್ಲ. ಇನ್ನು ಎಡಗಡೆ ತಾವು ಕೂರಬೇಕಲ್ಲ, ಅದು.

ಕೊನೆಗೆ ಒಪ್ಪಂದ ಆಯಿತು. ಜುಲೈ ಹದಿನೇಳಕ್ಕೆ ಆಟಿ ಹಿಡಿಯುತ್ತದೆ. ನಮ್ಮ ತುಳುವರಿಗೆ ಆಟಿ ತಿಂಗಳಲ್ಲಿ ಕೊಡುವುದೂ ಇಲ್ಲ, ಕೊಳ್ಳುವುದೂ ಇಲ್ಲ, ಹೊಸತು ಶುರು ಮಾಡುವುದೂ ಇಲ್ಲ. ಹಾಗಾಗಿ ಜುಲೈ ಹದಿಮೂರನೇ ತಾರೀಕು, ಭಾನುವಾರ ಅಮೋಲ್ ಬರುವುದು. ಅಷ್ಟರಲ್ಲಿ ಕಾರಿನ ಒಳಗೆ ಒಣಗಿದ್ದರೆ ನಮ್ಮದು, ಒದ್ದೆಯಿದ್ದರೆ ಅವನದು. ಇವರು ತಕ್ಷಣ ಒಪ್ಪಿದರು. ಒಣಗುವುದಿಲ್ಲ ಎಂಬ ಧೈರ್ಯ.

ಜೂನ್ 15, ಭಾನುವಾರ

ಸ್ಟೇಶನ್ ಹತ್ತಿರದ ಚಂದ್ರಾಮನ ಗ್ಯಾರೇಜಿನ ಹುಡುಗ ಬಂದು ಕಾರು ಒಯ್ದ, ನಾನೂ ಜೊತೆಗೆ ಹೋದೆ. ಚಂದ್ರಾಮ ವಿಜಾಪುರ ಕಡೆಯವ, ಕನ್ನಡದವರು ಅಂದರೆ ಪ್ರೀತಿ. ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಬಾಗಲಾ ರಬ್ಬರ್ ಹೋಗೇತ್ರಿ ಅಕ್ಕಾರ. ಹೊಸಾದ ಹಾಕಿದ್ರ ಮುಗೀತು," ಎಂದ. ಹಾಕಿದ. ಚಹಾ ಕುಡಿಸಿದ. ಖುಷಿಯಿಂದ ಬಂದೆ.

ಜೂನ್ 19, ಗುರುವಾರ

ಮಳೆ. ಮ್ಯಾಟ್ ಮತ್ತೆ ಪಚಪಚ. ಚಂದ್ರಾಮನಿಗೆ ಫೋನ್ ಮಾಡಿದೆ. ಹಂಗಾದ್ರ ಏಸಿ ನೀರು ಇರಬೇಕು ಎನ್ನುತ್ತಾನೆ. ಏಸಿ ಹಾಕಿ ತಿಂಗಳಾಯಿತಪ್ಪಾ ಎಂದೆ. ಹೌದಲ್ಲ ಎಂದ.

ಇವರು ಓದುವ ಹಾಗೆ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ನಗುತ್ತಿದ್ದರು. ಪೇಪರ್ ಅಲ್ಲಾಡುತ್ತಿತ್ತು.

ಜುಲೈ 1, ಮಂಗಳವಾರ

ಹತ್ತು ಹನ್ನೆರಡು ದಿನ ಬರೆದಿಲ್ಲ. ಬೇಜಾರು. ಕೆಳಗೆ ಹೋಗುವುದನ್ನೇ ಬಿಟ್ಟಿದ್ದೆ. ಇವತ್ತು ಹೋಗಿ ನೋಡಿದರೆ ಎಡಗಡೆ ಸೀಟಿನ ಬುಡದಲ್ಲಿ ಅಣಬೆ ಎದ್ದಿದೆ. ಎರಡು. ಬೆಳ್ಳಗೆ, ಕೊಡೆ ಬಿಚ್ಚಿಕೊಂಡು, ನಮ್ಮ ಕಾರಿನಲ್ಲಿ ಅವುಗಳೇ ಸವಾರಿ.

ಇವರು ಬಗ್ಗಿ ನೋಡಿದರು. "ಸುಕ್ಕಾ ಮಾಡ್ಲಿಕ್ಕೆ ಸಾಲುದಿಲ್ಲ. ಇನ್ನೊಂದು ವಾರ ಬಿಡು."

ಸಿಟ್ಟು ಬಂತು, ನಗುವೂ ಬಂತು. ನಗು ಗೆದ್ದಿತು. ಇವರಿಗೂ ನಕ್ಕು ನಕ್ಕು ಕೆಮ್ಮು ಹತ್ತಿತು, ಬೆನ್ನು ತಟ್ಟಿದೆ. ಆದರೆ ಮೇಲೆ ಬಂದ ಮೇಲೆ ಹಠ ಇಮ್ಮಡಿಯಾಗಿದೆ. ಅಣಬೆಗೆ ಜಾಗ ಕೊಟ್ಟ ಕಾರು ನನಗೆ ಕೊಡುವುದಿಲ್ಲವೇ?

ಜುಲೈ 6, ಭಾನುವಾರ

ದೇವರ ದೀಪ ಹಚ್ಚುವಾಗ ಹೊಳೆಯಿತು. ಒದ್ದೆ ಕೈಯಲ್ಲಿ ಕುಂಕುಮದ ಬಟ್ಟಲು ಮುಟ್ಟಿದೆ, ಹನಿ ಕೆಂಪಾಗಿ ಹಲಗೆಯ ಆ ತುದಿಗೆ ಹರಿಯಿತು. ಎಲ್ಲಿ ಮುಟ್ಟಿದೆ, ಎಲ್ಲಿಗೆ ಹೋಯಿತು — ಗೆರೆ ಸ್ಪಷ್ಟ.

ಬಾಗಿಲಿಗೆ ಕುಂಕುಮ. ಗಾಜಿನ ಬುಡಕ್ಕೆ ಅರಸಿನ. ಆಮೇಲೆ ನೀರು ಹಾಕುವುದು. ಒಳಗೆ ಯಾವ ಬಣ್ಣ ಬರುತ್ತದೋ ಅದೇ ಕಳ್ಳ. ಮಂಗಳವಾರ ಮಾಡಬೇಕು, ಇವರ ರಜೆ ಇದೆ. ಬಕೆಟ್ ಎತ್ತಲು ಜನ ಬೇಕಲ್ಲ.

ಜುಲೈ 8, ಮಂಗಳವಾರ

ಪ್ರಯೋಗ! ಹೊಸ ರಬ್ಬರಿನ ಉದ್ದಕ್ಕೂ ಕುಂಕುಮ ಬಳಿದೆ. ವೈಪರ್ ಕೆಳಗೆ ಕಪ್ಪು ಜಾಲರಿ ಇದೆ, ಅದರ ಮೇಲೆ ಅರಸಿನ ಉದುರಿಸಿದೆ. ನಾನು ಟಾರ್ಚ್ ಹಿಡಿದು ಒಳಗೆ, ಎಡಗಡೆ ಕಾಲಿಡುವ ಜಾಗದಲ್ಲಿ ತಲೆ ತೂರಿಸಿಕೊಂಡು. ಇವರು ಹೊರಗೆ ಬಕೆಟ್ ಹಿಡಿದು. ಬಿಲ್ಡಿಂಗಿನ ಅರ್ಧ ಜನ ಗ್ಯಾಲರಿಯಲ್ಲಿ. ಎದುರು ಮನೆಯ ವೈಶಾಲಿ ಯಾವ ಪೂಜೆ ಎಂದು ಮರಾಠಿಯಲ್ಲಿ ಕೇಳಿದಳು. ಜಲಾಭಿಷೇಕ ಎಂದರು ಇವರು.

ಮೊದಲು ಬಾಗಿಲಿಗೆ. ಏನೂ ಇಲ್ಲ. ಚಂದ್ರಾಮನ ರಬ್ಬರ್ ಒಳ್ಳೆಯದೇ, ಪಾಪ. ಆಮೇಲೆ ಗಾಜಿನ ಬುಡಕ್ಕೆ. ಒಂದು ಬಕೆಟ್... ಏನೂ ಇಲ್ಲ. ಎರಡನೆಯದು ಸುರಿಯುವಾಗ ಗುಳುಗುಳು ಸದ್ದು. ಎಡಗಡೆ ಡ್ಯಾಶ್‌ಬೋರ್ಡ್ ಹಿಂದೆ ಏಸಿ ಫ್ಯಾನ್ ಇರುವ ಕಡೆಯಿಂದ ಟಪ್, ಟಪ್... ನನ್ನ ಮೂಗಿನ ಮೇಲೆ.

ಹೊರಗೆ ಬಂದೆ. ಇವರು ನನ್ನ ಮುಖ ನೋಡಿದರು. ಮೂಗು, ಕೆನ್ನೆ, ಎಲ್ಲ ಹಳದಿ.

"ಮದುವೆ ದಿನ ಹೀಗೇ ಇದ್ದೆ ನೀನು," ಎಂದರು.

ಎಷ್ಟೋ ವರ್ಷಕ್ಕೆ ಇಂಥ ಮಾತು. ಅದೂ ಕಾಂಪೌಂಡಿನಲ್ಲಿ, ಕೈಯಲ್ಲಿ ಬಕೆಟ್ ಹಿಡಿದುಕೊಂಡು. ಮನಸ್ಸು ತುಂಬಿತು, ಸುಳ್ಳೇಕೆ ಹೇಳಲಿ.

ಜುಲೈ 9, ಬುಧವಾರ

ಚಂದ್ರಾಮ ಸಾಮಾನು ಹಿಡಿದು ಇಲ್ಲಿಗೇ ಬಂದ. ಇವರು ಕುತೂಹಲಕ್ಕೆ ಹೋಟೆಲಿಗೆ ತಡವಾಗಿ ಹೊರಟರು. ವೈಪರ್ ಬಿಚ್ಚಿ ಜಾಲರಿ ಎತ್ತಿದ. ಮೂವರೂ ಬಗ್ಗಿ ನೋಡಿದೆವು.

ಕೆಳಗೆ ಒಂದು ತೊಟ್ಟಿ ಇದೆ. ಗಾಜಿನಿಂದ ಇಳಿದ ನೀರು ಅಲ್ಲಿಗೆ ಬಂದು, ಎರಡು ತುದಿಯ ತೂತಿನಿಂದ ಚಕ್ರದ ಹಿಂದೆ ಹೋಗಬೇಕು. ಎರಡೂ ತೂತು ಬಂದ್. ಮರದ ಎಲೆ ಸ್ವಲ್ಪ. ಉಳಿದದ್ದೆಲ್ಲ ಚೆಂಡು ಹೂವು. ಕಪ್ಪಾದ ಎಸಳು, ಮಾಲೆಯ ನೂಲು, ಅಕ್ಷತೆ ಕೊಳೆತ ಕೆಸರು, ಒಣಗಿದ ಅರ್ಧ ನಿಂಬೆಹಣ್ಣು. ಆ ಕೆಸರಿನಲ್ಲಿ ಒಂದು ಚೆಂಡು ಹೂವಿನ ಸಸಿ, ಗೇಣುದ್ದ ಎದ್ದು ನಿಂತಿದೆ. ತೊಟ್ಟಿ ತುಂಬಿದ ನೀರು ದಾರಿ ಕಾಣದೆ ಫ್ಯಾನಿನ ತೂತಿನಿಂದ ಒಳಗೆ ಇಳಿಯುತ್ತಿತ್ತು.

"ಅಕ್ಕಾರ, ಇಲ್ಲಿ ಒಂದ ಗುಡಿನ ಐತಲ್ರಿ," ಎಂದ ಚಂದ್ರಾಮ.

ನಾನು ಇವರ ಕಡೆ ನೋಡಲಿಲ್ಲ. ಪ್ರತಿ ಆಯುಧಪೂಜೆಗೆ ದಾದರಿನ ಹೂವಿನ ಮಾರ್ಕೆಟ್ಟಿನಿಂದ ಎರಡು ಮೊಳ ಹೆಚ್ಚೇ ತಂದು, ವೈಪರಿಗೆ ಸುತ್ತಿ, ಗಾಜಿನ ಬುಡಕ್ಕೆ ಹೂವು ಸಿಕ್ಕಿಸಿ, ಮುಷ್ಟಿ ಮುಷ್ಟಿ ಅಕ್ಷತೆ ಹಾಕುವವರು ಯಾರು? ನನ್ನ ಕೈಗೆ ಮಾಲೆ ಕೊಟ್ಟದ್ದೇ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, "ಈ ಮರದ ಎಲೆ ಮಾರಾಯ, ಎಂತ ಬೀಳ್ತದೆ," ಎಂದು ಚಂದ್ರಾಮನಿಗೆ ಹೇಳಿ ಸ್ಟೇಶನ್ನಿಗೆ ಹೊರಟೇಬಿಟ್ಟರು.

ಚಂದ್ರಾಮ ಕೆಸರೆಲ್ಲ ತೆಗೆದು ತಂತಿ ಹಾಕಿ ತೂತು ಬಿಡಿಸಿದ. ಒಂದು ಚೊಂಬು ನೀರು ಹಾಕಿದರೆ ಚಕ್ರದ ಹಿಂದೆ ಗಟಗಟ ಇಳಿಯಿತು. ಕೇಳಿ ಎಷ್ಟು ಸಂತೋಷವಾಯಿತು! ಸಸಿಯನ್ನು ಎಣ್ಣೆಯ ಹಳೇ ಡಬ್ಬದಲ್ಲಿ ನೆಟ್ಟು ಕಿಟಕಿಯ ಗ್ರಿಲ್ಲಿನಲ್ಲಿ ಇಟ್ಟಿದ್ದೇನೆ.

ಜುಲೈ 10, ಗುರುವಾರ

ನೀರು ನಿಂತಿತು, ಒದ್ದೆ ಹೋಗಲಿಲ್ಲ. ಸೀಟು ಬಿಚ್ಚಿ ಕಾರ್ಪೆಟ್ ಹೊರಗೆ ತೆಗೆದರೆ ಅಡಿಯ ಸ್ಪಂಜಿನಲ್ಲಿ ಇನ್ನೂ ನೀರು. ಮುಂಬೈ ಜುಲೈಯಲ್ಲಿ ಕರವಸ್ತ್ರ ಒಣಗುವುದಿಲ್ಲ, ಇದು ಒಣಗುವುದುಂಟೇ? ಫ್ಯಾನ್ ಕೆಳಗೆ ಹಾಸಿದೆ. ಮನೆಯೆಲ್ಲ ಹುಳಿ ವಾಸನೆ. ಭಾನುವಾರ ಅಮೋಲ್ ಬರುತ್ತಾನೆ. ಒಣಗಿದ್ದರೆ ಎಂದಲ್ಲವೇ ಮಾತು. ಇಷ್ಟು ಮಾಡಿ ಸೋಲುವುದೇ? ಅಳು ಬಂತು, ನಿಜಕ್ಕೂ.

ಜುಲೈ 11, ಶುಕ್ರವಾರ

ಎದ್ದು ನೋಡಿದರೆ ಕಾರ್ಪೆಟ್ ಇಲ್ಲ, ಸ್ಪಂಜೂ ಇಲ್ಲ. ಇವರೂ ಇಲ್ಲ.

ಮಧ್ಯಾಹ್ನ ಹೋಟೆಲಿಗೆ ಫೋನ್ ಮಾಡಿದೆ. ಎತ್ತಿದವ ಅಡುಗೆಯ ಶಿವಣ್ಣ. ಸಾಹುಕಾರ್ರು ಗೋಣಿಯಲ್ಲಿ ಏನೋ ಸುತ್ತಿಕೊಂಡು ಲೋಕಲ್‌ನಲ್ಲಿ ತಂದಿದ್ದಾರೆ, ಭಟ್ಟಿಯ ಮೇಲಿನ ಮಾಳಿಗೆಯಲ್ಲಿ ಹಗ್ಗ ಕಟ್ಟಿ ನೇತುಹಾಕಿದ್ದಾರೆ, ಮತ್ತೆ ಮತ್ತೆ ಹೋಗಿ ಮಗುಚುತ್ತಿದ್ದಾರೆ ಎಂದ. ದೋಸೆ ಮಗುಚುವ ಹಾಗೆ!

ಮೊಣಕಾಲು ನೋವಿನ ಮನುಷ್ಯ. ಬೆಳಗಿನ ಲೋಕಲ್. ಒದ್ದೆ ಕಾರ್ಪೆಟ್. ರೈಲಿನ ಡಬ್ಬಿಯಲ್ಲಿದ್ದವರೆಲ್ಲ ದೂರ ಸರಿದು ಕೂರಲು ಜಾಗ ಸಿಕ್ಕಿತಂತೆ, ಬಂದ ಮೇಲೆ ಹೇಳಿದರು. ಊಟಕ್ಕೆ ಅವರಿಗಿಷ್ಟದ ಪತ್ರೊಡೆ ಮಾಡಿದ್ದೆ.

ಜುಲೈ 13, ಭಾನುವಾರ

ಒಣಗಿದ ಕಾರ್ಪೆಟ್ಟನ್ನು ಮೊನ್ನೆ ರಾತ್ರಿಯೇ ಕಾರಿನೊಳಗೆ ಹಾಸಿ ಸೀಟು ಕೂರಿಸಿದ್ದೆವು. ನಿನ್ನೆ ಇಡೀ ದಿನ ಸುರಿಯಿತು. ಬೆಳಿಗ್ಗೆ ಎದ್ದವಳೇ ಕೆಳಗಿಳಿದು ಕಾರಿನ ಬಾಗಿಲು ತೆರೆದೆ. ಕಾರ್ಪೆಟ್ ಮೇಲೆ ಹಾಸಿದ್ದ ಪೇಪರ್ ಗರಿಗರಿ. ಕಾರಿನಲ್ಲಿ ಈಗ ತುಪ್ಪದ ದೋಸೆಯ ವಾಸನೆ.

ಹತ್ತಕ್ಕೆ ಅಮೋಲ್ ಬಂದ. ನಾನು ಚಹಾ ಮಾಡುತ್ತ ಒಳಗಿನಿಂದ ಕೇಳಿಸಿಕೊಂಡೆ. ಈಗ ಆಟಿ, ಕೊಡುವ ಹಾಗಿಲ್ಲ ಎಂದು ಇವರು ಹಿಂದಿಯಲ್ಲಿ ಹೇಳಿದರು. ಅಮೋಲ್ ಬಿಡಲಿಲ್ಲ. ಅಂಕಲ್, ಗುರುವಾರದಿಂದ ಎಂದು ನೀವೇ ಹೇಳಿದ್ದಿರಲ್ಲ ಎಂದ.

"ಹಾಂ. ಹಮಾರೇ ಘರ್ ಮೇ ಜಲ್ದೀ ಆ ಗಯಾ."

ನಮ್ಮ ಮನೆಗೆ ಬೇಗ ಬಂದಿತಂತೆ! ಚಹಾ ಉಕ್ಕಿತು. ಉಕ್ಕಲಿ.

ಜುಲೈ 15, ಮಂಗಳವಾರ

ಆಟಿಗೆ ಮೊದಲು ಇವರಿಗೆ ಇದೇ ಕೊನೆಯ ರಜೆ. ಹೊಸತು ಶುರು ಮಾಡುವುದಿದ್ದರೆ ಇವತ್ತೇ. ತಿಂಡಿ ಆದ ಮೇಲೆ ಕೀ ತೆಗೆದು ನನ್ನ ತಟ್ಟೆಯ ಪಕ್ಕ ಇಟ್ಟು ಕೆಳಗೆ ಹೋದರು. ಎಲ್ಲಿಗೆ ಎಂದು ಕೇಳಲಿಲ್ಲ. ನನಗೂ ಗೊತ್ತಿಲ್ಲ. ದಾದರ್ ತನಕ ಹೋಗುವುದೇ? ಹೈವೇ ಬೇಡ... ಅಥವಾ ಹೈವೇನೇ.

ಸೀರೆ ಉಟ್ಟಾಯಿತು. ಜೋರು ಮಳೆ. ಇಳಿಯುವ ಮೊದಲು ಒಂದು ನಿಮಿಷ ಕೂತು ಬರೆಯುತ್ತಿದ್ದೇನೆ. ಕಿಟಕಿಯಿಂದ ಸಸಿಯ ಪಕ್ಕದಲ್ಲಿ ಬಗ್ಗಿದರೆ ಕಾರು ಕಾಣುತ್ತದೆ. ಲಾಕ್ ತೆಗೆದೇ ಇಟ್ಟಿದ್ದೆ. ಇವರು ಹತ್ತಿ ಕೂತಿದ್ದಾರೆ. ಎಡಗಡೆ! ಚಪ್ಪಲಿ ಎರಡೂ ಬಾಗಿಲ ಹೊರಗೆ ಬಿಟ್ಟಿದ್ದಾರೆ, ದೇವಸ್ಥಾನದ ಮುಂದೆ ಬಿಟ್ಟ ಹಾಗೆ. ಅಯ್ಯೋ, ಮಳೆಗೆ ನೆನೆಯುತ್ತಿವೆ. ಕಾಲು ಒಣಗಿದ ಕಾರ್ಪೆಟ್ ಮೇಲೆ ಇರಬೇಕು.

ಹಾರ್ನ್. ಆ ಕಡೆಯಿಂದಲೇ ಕೈ ಚಾಚಿ ಒತ್ತುತ್ತಿದ್ದಾರೆ. ಮತ್ತೆ ಹಾರ್ನ್. ಬಂದೆ, ಬಂ—