ಸೀಲು ಬಿದ್ದ ಪುಟ ನನ್ನ ತಂಗಿಗೆ ಕೇಳಿಸುವುದಿಲ್ಲ

(ಶಾಲಾ ಮಕ್ಕಳಿಗೆ ಮಾತಾಡುವ ಟ್ಯಾಬ್ ಹಂಚಿದ ಅಧಿಕಾರಿಗಳಿಗೆ)

ಮಾನ್ಯರೇ,

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನಾನು ಇಂಜಿನಿಯರಿಂಗ್ ಮೊದಲ ವರ್ಷದ ಹುಡುಗ, ಕಾಲೇಜು ಸೇರಿ ನಾಲ್ಕು ತಿಂಗಳೂ ಆಗಿಲ್ಲ. ದೊಡ್ಡವರಿಗೆ ಹೀಗೆ ಎಲ್ಲರೆದುರು ಪತ್ರ ಬರೆಯುವುದು ಛಲೋ ಅಲ್ಲ ಎಂದು ವಾರ್ಡನ್ ಸಾಹೇಬರು ಹೇಳಿಯಾಗಿದೆ. ಇದರಿಂದ ಕಾಲೇಜಿನಲ್ಲಿ ಏನಾದರೂ ತೊಂದರೆ ಆದೀತೇ ಎಂದು ಹೆದರಿಕೆಯೂ ಇದೆ. ಐದನೇ ಇಯತ್ತೆಯಿಂದ ಹಾಸ್ಟೆಲಿನಲ್ಲಿದ್ದು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನಾದ್ದರಿಂದ ನನ್ನ ಕನ್ನಡ ಅರ್ಧಂಬರ್ಧ. ತಪ್ಪು ಕಂಡಲ್ಲಿ ಕೆಂಪು ಪೆನ್ನು ಹಚ್ಚಿ, ಆದರೆ ದಯವಿಟ್ಟು ಪೂರ್ತಿ ಓದಿ. ವಿಷಯ ಇಷ್ಟೇ: ನೀವು ನನ್ನ ತಂಗಿಗೆ ಕೊಟ್ಟ ಮಾತಾಡುವ ಟ್ಯಾಬಿಗೆ, ನೀವೇ ಕೊಟ್ಟ ಪುಸ್ತಕ ಓದಲು ಬರುವುದಿಲ್ಲ. ಈ ತಿಂಗಳ ಕೊನೆಯೊಳಗೆ ಅದು ಸರಿಯಾಗದಿದ್ದರೆ ಅವಳು ವಿಜ್ಞಾನ ಬಿಡಬೇಕಾಗುತ್ತದೆ.

ತಂಗಿಯ ಹೆಸರು ಶಾಂಭವಿ. ನಮ್ಮದು ಉಪ್ಪಿನಬೆಟಗೇರಿ. ಅವಳು ಈ ವರ್ಷ ಎಸ್ಸೆಸ್ಸೆಲ್ಸಿ. ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಹೊಲದ ಮೋಟಾರಿನ ಸದ್ದು ಕೇಳಿ ಬೋರಿನಲ್ಲಿ ನೀರು ಇಳಿದಿದೆಯೋ ಇಲ್ಲವೋ ಹೇಳುತ್ತಾಳೆ. ಮೆಕ್ಯಾನಿಕ್ ಬಂದು ಬಿಚ್ಚಿ ನೋಡಿ ಅದನ್ನೇ ಹೇಳುತ್ತಾನೆ. ಅವಳಿಗೆ ವಿಜ್ಞಾನವೆಂದರೆ ಜೀವ. ಜುಲೈ ತಿಂಗಳಲ್ಲಿ ದೇಶಪಾಂಡೆ ನಗರದ ಸಭಾಭವನದಲ್ಲಿ ಇಪ್ಪತ್ಮೂರು ಮಕ್ಕಳಿಗೆ ನೀವು ಟ್ಯಾಬ್ ಹಂಚಿದಿರಿ. ಅದರ ಫೋಟೋ ನಮ್ಮ ಮನೆಯಲ್ಲಿದೆ. ಅದರಲ್ಲಿ ನೀವು ಶಾಂಭವಿಯ ಗದ್ದ ಹಿಡಿದು ಅವಳ ಮುಖವನ್ನು ಕ್ಯಾಮೆರಾ ಕಡೆ ತಿರುಗಿಸುತ್ತಿದ್ದೀರಿ. ನಮ್ಮವ್ವ ಚನ್ನಬಸವ್ವ ಅದನ್ನು ಓಣಿಗೆಲ್ಲ ತೋರಿಸಿದಳು. ಸುಳ್ಳೇಕೆ, ನಾನೂ ಸ್ಟೇಟಸ್ ಹಾಕಿಕೊಂಡಿದ್ದೆ.

ದೀಪಾವಳಿ ರಜೆಗೆ ಊರಿಗೆ ಹೋದಾಗ, ನಿಮ್ಮ ಕಚೇರಿ ಅದರೊಳಗೆ ಹಾಕಿಕೊಟ್ಟ ವಿಜ್ಞಾನದ ಅಭ್ಯಾಸ ಪುಸ್ತಕವನ್ನು ತೆರೆದು ತೋರಿಸು ಎಂದೆ. ತೆರೆದಳು. ಒಳಗಿನ ಹೆಣ್ಣುದನಿ ಬಹಳ ಸಮಾಧಾನದಿಂದ ಶುರು ಮಾಡಿತು: ಪುಟ ಒಂದು, ಚಿತ್ರ. ಪುಟ ಎರಡು, ಚಿತ್ರ. ಪುಟ ಮೂರು, ಚಿತ್ರ. ನೂರಾ ಅರವತ್ತು ಪುಟಕ್ಕೂ ಇದೇ ಪಾಠ. ನನಗೆ ನಾಚಿಕೆಯಾಯಿತು. ಅವಳಿಗೆ ನಗು.

"ಅಣ್ಣಾ, ಇದು ನನಗಿಂತ ಕುರುಡ ಐತಿ. ಪಾಪ, ಇದಕ್ಕೂ ಒಂದು ಟ್ಯಾಬ್ ಕೊಡಸ್ಬೇಕು."

ಕಾರಣ ಹುಡುಕಲು ಇಂಜಿನಿಯರಿಂಗ್ ಬೇಕಾಗಲಿಲ್ಲ. ನಿಮ್ಮಲ್ಲಿ ಪುಸ್ತಕವನ್ನು ಕಂಪ್ಯೂಟರಿನಲ್ಲೇ ಟೈಪ್ ಮಾಡುತ್ತಾರೆ. ಆಮೇಲೆ ಪ್ರಿಂಟ್ ತೆಗೆದು, ಪುಟಪುಟಕ್ಕೂ ಸಹಿ ಹಾಕಿ, ದುಂಡು ಸೀಲು ಒತ್ತಿ, ಆ ಸೀಲು ಬಿದ್ದ ಹಾಳೆಗಳ ಫೋಟೋ ತೆಗೆದು ಟ್ಯಾಬಿಗೆ ಹಾಕುತ್ತಾರೆ. ಕಣ್ಣಿದ್ದವರಿಗೆ ಅದು ಪಾಠ. ಟ್ಯಾಬಿಗೆ ಅದು ಗೋಡೆಯ ಕ್ಯಾಲೆಂಡರಿನಂಥ ಒಂದು ಫೋಟೋ, ಅಷ್ಟೇ. ಮೂವತ್ತೇಳನೇ ಪುಟದಲ್ಲಿ ಫೋಟೋ ತೆಗೆದವರ ಹೆಬ್ಬೆರಳೂ ಇದೆ. ಕುರುಡು ಮಕ್ಕಳ ಪುಸ್ತಕ ಅಸಲಿಯೋ ನಕಲಿಯೋ ಎಂದು ಸೀಲು ನೋಡಿ ಪರೀಕ್ಷಿಸುವವರು ಯಾರು ಮಾನ್ಯರೇ? ಆ ಮಕ್ಕಳೇ?

ಕ್ಲಾಸ್ ಬಂಕ್ ಮಾಡಿ ನಿಮ್ಮ ಕಚೇರಿಗೆ ಬಂದೆ. ನೀವು ಮೀಟಿಂಗಿನಲ್ಲಿದ್ದಿರಿ. ಅಲ್ಲಿದ್ದ ಗುಮಾಸ್ತರು ಒಳ್ಳೆಯವರು, ನನ್ನ ಮುಖ ನೋಡಿ ಚಹಾ ತರಿಸಿದರು. ಟೈಪ್ ಮಾಡಿದ ಮೂಲ ಫೈಲ್ ಕೊಟ್ಟರೆ ಸಾಕು, ಉಳಿದದ್ದನ್ನು ನಾವೇ ಮಾಡಿಕೊಳ್ಳುತ್ತೇವೆ ಎಂದೆ. ಅವರು ಮಾನಿಟರಿನ ಮೇಲೆ ಬೆರಳಿಟ್ಟು ತೋರಿಸಿದರು.

"ಇಲ್ಲೇ ಐತಿ ನೋಡು ತಮ್ಮಾ. ಆದ್ರ ಕೊಡಾಕ ಬರೂದಿಲ್ಲ. ಸೀಲ್ ಇಲ್ದ ಅದು ಬರೇ ಅಕ್ಷರ."

"ನಮಗ ಬೇಕಾಗಿದ್ದು ಅದ ರೀ," ಅಂದೆ. "ಬರೇ ಅಕ್ಷರ."

ಅವರು ಮರುಕದಿಂದ ನೋಡಿ, ಅರ್ಜಿ ಕೊಡು ಎಂದರು. ಬ್ರೈಲ್ ಪುಸ್ತಕವಾದರೂ ಸಿಕ್ಕೀತೇ ಎಂದು ಕೇಳಿದ್ದಕ್ಕೆ, ಟ್ಯಾಬ್ ಕೊಟ್ಟಾಗಿದೆಯಲ್ಲ ಎಂಬ ಉತ್ತರ ಬಂತು. ಶಾಂಭವಿಯ ಹೆಸರಿನಲ್ಲೇ ಅರ್ಜಿ ಕೊಟ್ಟು ಬಂದೆ. ಹದಿನಾರನೇ ದಿನ ನಿಮ್ಮ ಉತ್ತರ ಅವಳ ಮೊಬೈಲಿಗೆ ಬಂತು. ಅವಳು ಖುಷಿಯಿಂದ ಒತ್ತಿ ಕಿವಿಗೆ ಹಿಡಿದಳು. ಫೋನು ಹೇಳಿತು: ಚಿತ್ರ. ಹಂಚಿಕೊಳ್ಳಿ. ಅಳಿಸಿ.

ಅವ್ವ ಹೊಲಕ್ಕೆ ಹೋಗಿದ್ದಳು, ಕೊನೆಗೆ ಪಕ್ಕದ ಮನೆಯ ಯಮನಪ್ಪ ಕಾಕಾ ಚಾಳೀಸು ಏರಿಸಿಕೊಂಡು ಓದಿ ಹೇಳಿದರಂತೆ. ಸದರಿ ವಿದ್ಯಾರ್ಥಿನಿಗೆ ಓದಿ ಹೇಳುವ ಉಪಕರಣವನ್ನು ಈಗಾಗಲೇ ವಿತರಿಸಲಾಗಿರುವುದರಿಂದ ಸದರಿ ಮನವಿಯನ್ನು ಮುಕ್ತಾಯಗೊಳಿಸಲಾಗಿದೆ. ಕೆಳಗೆ ಸಹಿ, ಸಹಿಯ ಮೇಲೆ ಸೀಲು. ಓದಲಾಗುತ್ತಿಲ್ಲ ಎಂದು ದೂರು ಕೊಟ್ಟವಳಿಗೆ, ಓದಲಾಗದ ಹಾಗೆ ಉತ್ತರ ಕಳಿಸಿ, ನಿನಗೆ ಓದಲು ಎಲ್ಲ ಕೊಟ್ಟಿದ್ದೇವೆ ಎಂದಿರಿ. ಇದನ್ನು ಬರೆಯುವಾಗ ಕಚೇರಿಯಲ್ಲಿ ಒಬ್ಬರಿಗಾದರೂ ನಗು ಬರಲಿಲ್ಲವೇ? ಸಿಟ್ಟಾದರೂ?

ನಮಗೆ ಅಳು ಬಂದದ್ದು ಅದರ ಮರುವಾರ. ಶಾಂಭವಿಯ ಹೆಡ್ ಮಾಸ್ತರು ಕೆಟ್ಟವರಲ್ಲ. ವಾರಕ್ಕೆರಡು ಸಂಜೆ ಸಾಲಿ ಬಿಟ್ಟ ಮೇಲೆ ಕೂತು ತಾವೇ ಪಾಠ ಓದಿ ಹೇಳುತ್ತಾರೆ. ಆದರೆ ಒಬ್ಬರ ಗಂಟಲಿನಲ್ಲಿ ಇಡೀ ಪುಸ್ತಕ ಮುಗಿಯುವುದಿಲ್ಲ. ಅವರು ಒಂದು ಫಾರ್ಮ್ ಕಳಿಸಿದ್ದಾರೆ: ವಿಜ್ಞಾನದ ಬದಲು ಬೇರೆ ವಿಷಯ ತೆಗೆದುಕೊಳ್ಳಲು ಒಪ್ಪಿಗೆ. ಅವ್ವ ಸಹಿ ಮಾಡಿ ತಿಂಗಳ ಕೊನೆಯೊಳಗೆ ಕೊಡಬೇಕು. ಅದೀಗ ದೇವರ ಜಗುಲಿ ಮೇಲೆ ವಿಭೂತಿ ಗಟ್ಟಿಯ ಕೆಳಗಿದೆ. ಅವ್ವ ಪೆನ್ನು ಕೈಗೆ ತಗೊಂಡ ದಿನ ಶಾಂಭವಿ ಹೇಳಿದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ:

"ಫೇಲ್ ಆಗಿ ಬಿಡೂದು ಬ್ಯಾರೆ ಬೇ. ಓದಾಕ ಕೊಡಲಾರದ ಬಿಡಸೂದು ಬ್ಯಾರೆ."

ಅಂದಿನಿಂದ ನಾನು ಮತ್ತು ನನ್ನ ರೂಮ್‌ಮೇಟ್ ರೆಹಾನ ಆ ಫೋಟೋಗಳನ್ನು ನೋಡಿ ನೋಡಿ ಪಾಠ ಟೈಪ್ ಮಾಡುತ್ತಿದ್ದೇವೆ. ಫೋಟೋದಿಂದ ಅಕ್ಷರ ಎತ್ತುವ ಸಾಫ್ಟ್‌ವೇರ್ ಹಾಕಿ ನೋಡಿದ್ದೆವು. ಸೀಲು ಬಿದ್ದಲ್ಲೆಲ್ಲ ಅದು ತೊದಲಿತು. ಹಾಗಾಗಿ ಬೆರಳೇ ಗತಿ. ಹದಿನಾಲ್ಕು ಪಾಠಗಳಲ್ಲಿ ಮೂರು ಮುಗಿದಿವೆ. ಬೆಳಕಿನ ಪಾಠ ಕಳಿಸಿದ ಸಂಜೆಯೇ ಅವಳ ಫೋನು ಬಂತು. ಪೀನ ಮಸೂರ ಇರಬೇಕಾದಲ್ಲಿ ನಾನು ನಿಮ್ನ ಎಂದು ಹೊಡೆದಿದ್ದೆ.

"ನಿಮ್ನ ಮಸೂರ ಬೆಳಕು ಕೂಡಸ್ತೈತೇನಣ್ಣಾ? ನಿಮ್ಮ ಕಾಲೇಜಿನ್ಯಾಗ ಬೆಳಕ ಬ್ಯಾರೆ ಐತೇನು?"

ಬೆಳಕನ್ನೇ ಕಾಣದವಳು, ಒಂದೇ ಸಲ ಕೇಳಿ, ಇಂಜಿನಿಯರಿಂಗ್ ಓದುವವನ ತಪ್ಪು ಹಿಡಿದಳು. ಇವಳಿಂದ ವಿಜ್ಞಾನ ಕಸಿಯಲು ಹೊರಟಿದ್ದೇವೆ ನಾವು. ನಾವು ಎನ್ನುತ್ತೇನೆ, ಏಕೆಂದರೆ ನನ್ನದೂ ಪಾಲಿದೆ. ಎಂಟು ವರ್ಷ ಹಾಸ್ಟೆಲಿನಿಂದ ವಾರಕ್ಕೊಂದು ಪತ್ರ ಬರೆದೆ. ಅವ್ವ ಓದುತ್ತಿದ್ದಳು, ಇವಳು ಕೇಳುತ್ತಿದ್ದಳು. ಇವಳೇ ಓದುವಂತೆ ಏನಾದರೂ ಕಳಿಸಬೇಕೆಂದು ನನಗೆ ಒಮ್ಮೆಯೂ ಹೊಳೆಯಲಿಲ್ಲ.

ನಿಮ್ಮಿಂದ ಹೊಸ ಯಂತ್ರ ಬೇಡ, ಇನ್ನೊಂದು ಸಮಾರಂಭವಂತೂ ಬೇಡವೇ ಬೇಡ. ಗುಮಾಸ್ತರು ಬೆರಳಿಟ್ಟು ತೋರಿಸಿದ ಆ ಫೈಲನ್ನು ಇಪ್ಪತ್ಮೂರೂ ಮಕ್ಕಳಿಗೆ ಕಳಿಸಿ. ಸೀಲು ಬೇಕೇ ಬೇಕಿದ್ದರೆ ಸೀಲಿನ ಪ್ರತಿ ನಿಮ್ಮ ಕಪಾಟಿನಲ್ಲಿರಲಿ, ಅಕ್ಷರದ ಪ್ರತಿ ಮಕ್ಕಳಿಗಿರಲಿ. ಮುಂದೆ ಏನೇ ಹಂಚುವ ಮೊದಲು ಶಾಂಭವಿಯಂಥ ಒಬ್ಬಳನ್ನು ಕೂರಿಸಿ, ತೆರೆಯಲು ಹೇಳಿ, ಹತ್ತು ನಿಮಿಷ ಸುಮ್ಮನೆ ಕೇಳಿಸಿಕೊಳ್ಳಿ. ಟೈಪಿಂಗಿಗೆ ಜನ ಸಾಲದಿದ್ದರೆ ನಮ್ಮ ಹಾಸ್ಟೆಲಿನ ಹುಡುಗರು ಬರುತ್ತೇವೆ. ಚಹಾ ಇದ್ದರೆ ಸಾಕು. ತಪ್ಪು ತಿದ್ದಲು ಅವಳಿದ್ದಾಳೆ.

ಈ ಪತ್ರವನ್ನು ಪತ್ರಿಕೆಗೆ ಕೊಡುವ ಮೊದಲು ಅವಳಿಗೆ ಕಳಿಸಿದ್ದೆ. ಎರಡು ಕಡೆ ತಿದ್ದಿದಳು. ನಿಮ್ಮ ಉತ್ತರವನ್ನು ಯಮನಪ್ಪ ಕಾಕಾನಿಗಿಂತ ಮೊದಲು ತಾನೇ ಓದಬೇಕು ಎಂದಿದ್ದಾಳೆ. ಆದ್ದರಿಂದ ಸಹಿ ಬೇಡ, ಸೀಲು ಬೇಡ, ಅವಳ ನಂಬರಿಗೆ ಎರಡು ಸಾಲು ಟೈಪ್ ಮಾಡಿ ಕಳಿಸಿ. ಫಾರ್ಮಿಗೆ ಇನ್ನು ಒಂಬತ್ತು ದಿನ ಇದೆ. ದಯವಿಟ್ಟು ಲಗೂನ ಉತ್ತರ ಕೊಡಿ.

ಇಂತಿ,
ಹನ್ನೊಂದು ಪಾಠ ಬಾಕಿ ಇರುವ, ಪೀನ ನಿಮ್ನಗಳ ವ್ಯತ್ಯಾಸವನ್ನು ತಂಗಿಯಿಂದ ಕಲಿತ
ಅಮರೇಶ